ಮೂರು ಮುಳ್ಳಿನ ಆಲ್ಟಿಮೀಟರ್: ಮಡಿಕೇರಿಯಲ್ಲಿ ನಡೆದ ಒಂದು ದುರಸ್ತಿಯ ದಾಖಲೆ

ದುರಸ್ತಿಗೆ ಬಂದದ್ದು ವಿಮಾನದ ಕಾಕ್‌ಪಿಟ್‌ನಲ್ಲಿ ಎತ್ತರವನ್ನು ತೋರಿಸುವ ಹಳೆಯ ಆಲ್ಟಿಮೀಟರ್. ಸುಮಾರು 80 ಮಿ.ಮೀ. ವ್ಯಾಸದ ಕಪ್ಪು ಡಯಲ್, ಅದರ ಮೇಲೆ ಅಳತೆಯಲ್ಲಿ ಒಂದಕ್ಕೊಂದು ಭಿನ್ನವಾದ ಮೂರು ಬಿಳಿ ಮುಳ್ಳುಗಳು, 950ರಿಂದ 1050 ಮಿಲಿಬಾರ್‌ವರೆಗಿನ ಅಂಕಿಗಳು ಸರಿದುಹೋಗುವ ಒಂದು ಸಣ್ಣ ಕಿಟಕಿ, ಆ ಅಂಕಿಗಳನ್ನು ಹೊಂದಿಸಲು ಕೆಳಗಡೆ ಒಂದು ಗುಂಡಿ, ಬೆನ್ನಿನ ಕಡೆ ಗಾಳಿಯ ಒತ್ತಡವನ್ನು ಒಳಕ್ಕೆ ಬಿಡುವ ಹಿತ್ತಾಳೆಯ ನಳಿಕೆ. ವಾಯುಪಡೆಯಲ್ಲಿ ಉಪಕರಣ ತಂತ್ರಜ್ಞರಾಗಿ ದುಡಿದು ನಿವೃತ್ತರಾದ ನಮ್ಮ ನೆರೆಯವರು ಹಿಂದೆಂದೋ ಹರಾಜಿನ ಸಾಮಾನುಗಳ ನಡುವೆ ಕೊಂಡು ತಂದಿದ್ದ ಇದನ್ನು, ಎನ್‌ಸಿಸಿ ಸೇರಿದ ಮತ್ತು ಎನ್‌ಡಿಎ ಪರೀಕ್ಷೆಗೆ ಸಿದ್ಧರಾಗುತ್ತಿರುವ ಊರಿನ ಮಕ್ಕಳಿಗೆ ತೋರಿಸಲು ಯೋಗ್ಯವಾಗುವಂತೆ ಸರಿಪಡಿಸಬೇಕೆಂದು ನನ್ನ ಕೈಗಿತ್ತರು. ಗಾಜಿನ ಹಿಂದೆ ಇಟ್ಟು ನೋಡುವ ವಸ್ತುವಾಗಿ ಅಲ್ಲ, ಮಕ್ಕಳು ಗುಂಡಿ ತಿರುಗಿಸಿ, ಒತ್ತಡ ಬದಲಿಸಿ, ಮುಳ್ಳು ಓಡುವುದನ್ನು ಕಾಣುವಂತೆ ಇದು ಕೆಲಸ ಮಾಡಬೇಕೆಂಬುದು ನಮ್ಮಿಬ್ಬರ ಒಮ್ಮತವಾಗಿತ್ತು. ಆಲ್ಟಿಮೀಟರ್ ಅಳೆಯುವುದು ಎತ್ತರವನ್ನಲ್ಲ, ಒತ್ತಡವನ್ನು; ಆ ಒತ್ತಡಕ್ಕೆ ಎಷ್ಟು ಎತ್ತರವೆಂಬುದು ಒಂದು ಒಪ್ಪಂದದ ಲೆಕ್ಕ. ಇದನ್ನು ಬಾಯಲ್ಲಿ ಎಷ್ಟು ಹೇಳಿದರೂ ತಲೆಗೆ ಇಳಿಯುವುದು ಕಷ್ಟ, ಕಣ್ಣಿನಿಂದ ಕಂಡರೆ ಮರೆಯುವುದು ಕಷ್ಟ.

ಯಾವ ವಿಮಾನದಿಂದ ಬಂದದ್ದು ಎಂಬ ಪ್ರಶ್ನೆಯನ್ನು ಮೊದಲೇ ಬದಿಗಿಡುತ್ತೇನೆ. ಬೆನ್ನಿನ ಮೇಲಿದ್ದ ಫಲಕ ಉದುರಿಹೋಗಿದೆ. ಅಡಿಗಳಲ್ಲಿ ಎತ್ತರ, ಮಿಲಿಬಾರ್‌ಗಳಲ್ಲಿ ಒತ್ತಡ ಇರುವುದರಿಂದ ಇದು ಮೀಟರ್ ಮತ್ತು ಪಾದರಸದ ಮಿಲಿಮೀಟರ್ ಬಳಸುವ ರಷ್ಯನ್ ಮಾದರಿಯದಲ್ಲ ಎಂದಷ್ಟೇ ಹೇಳಬಹುದು. ಮಡಿಕೇರಿಯಲ್ಲಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಹೆಸರಿನ ವೃತ್ತವನ್ನು ದಿನವೂ ದಾಟುವ ಮಕ್ಕಳು, 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಅವರು ಹಾರಿಸಿದ ಮಿಸ್ಟೇರ್ ವಿಮಾನದಲ್ಲೂ ಇಂಥದೇ ಇತ್ತೇ ಎಂದು ಕೇಳುವುದು ಸಹಜ. ಆದರೆ ಆಧಾರವಿಲ್ಲದೆ ಅಂಥ ಚೀಟಿಯನ್ನು ಅಂಟಿಸುವುದು ಆ ಹೆಸರಿಗೆ ಗೌರವ ತರುವ ಕೆಲಸವಲ್ಲ. ‘ಮೂರು ಮುಳ್ಳಿನ ಸೂಕ್ಷ್ಮ ಆಲ್ಟಿಮೀಟರ್, ವಿಮಾನ ತಿಳಿದಿಲ್ಲ’ ಎಂದೇ ಚೀಟಿ ಬರೆದಿದ್ದೇವೆ.

ತೆರೆಯುವ ಮುನ್ನ ಮಾಡಲೇಬೇಕಾದ ಒಂದು ಪರೀಕ್ಷೆಯಿದೆ, ಹಳೆಯ ವಿಮಾನ ಉಪಕರಣಗಳನ್ನು ಕೈಗೆತ್ತಿಕೊಳ್ಳುವ ಎಲ್ಲರಿಗೂ ಇದನ್ನು ಒತ್ತಿ ಹೇಳುತ್ತೇನೆ. ಎರಡನೆಯ ಮಹಾಯುದ್ಧದ ಕಾಲದಲ್ಲೂ ಅನಂತರವೂ ಡಯಲ್‌ಗಳು ಕತ್ತಲಲ್ಲಿ ಬೆಳಗಲೆಂದು ರೇಡಿಯಂ ಬೆರೆಸಿದ ಬಣ್ಣವನ್ನು ಹಚ್ಚುತ್ತಿದ್ದರು. ಬೆಳಕು ಕೊಡುವ ಸತುವಿನ ಸಲ್ಫೈಡ್ ಕೆಲವು ದಶಕಗಳಲ್ಲಿ ಸವೆದು ಮಂಕಾಗುತ್ತದೆ, ರೇಡಿಯಂ-226 ಮಾತ್ರ ಅರ್ಧಕ್ಕೆ ಇಳಿಯಲು ಸುಮಾರು 1,600 ವರ್ಷ ಬೇಕು. ಆದ್ದರಿಂದ ಡಯಲ್ ಬೆಳಗುತ್ತಿಲ್ಲ ಎಂಬುದು ಸುರಕ್ಷತೆಯ ಗುರುತಲ್ಲ. ಒಣಗಿ ಪುಡಿಯಾದ ಆ ಬಣ್ಣ ಉಸಿರಿನೊಡನೆ ಒಳಗೆ ಹೋದರೆ ಅಪಾಯ ಗಾಜಿನ ಹೊರಗಿನಿಂದ ಬರುವುದಕ್ಕಿಂತ ಬಹಳ ಹೆಚ್ಚು. ಒಂದು ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದ ಗೈಗರ್ ಕೌಂಟರ್ ಮುಂದೆ ಈ ಆಲ್ಟಿಮೀಟರನ್ನು ಇಟ್ಟು ಎಣಿಸಿದಾಗ, ಖಾಲಿ ಮೇಜಿನ ಎಣಿಕೆಗೂ ಇದರ ಎಣಿಕೆಗೂ ವ್ಯತ್ಯಾಸ ಕಾಣಲಿಲ್ಲ; ಇದರದು ಬರಿಯ ಬಿಳಿ ಬಣ್ಣ. ಎಣಿಕೆ ಏರಿದ್ದರೆ ಮುಚ್ಚಳವನ್ನು ಮುಟ್ಟದೆ, ಡಬ್ಬಿಯಲ್ಲಿ ಭದ್ರವಾಗಿಟ್ಟು ತಿಳಿದವರಿಗೆ ಒಪ್ಪಿಸುವುದೇ ಸರಿಯಾದ ದಾರಿಯಾಗುತ್ತಿತ್ತು.

ಕೆಲಸಕ್ಕೆ ಹುತ್ತರಿ ಕಳೆದ ಮೇಲಿನ ಒಣ ದಿನಗಳನ್ನು ಆರಿಸಿಕೊಂಡೆವು. ಕಕ್ಕಡ ತಿಂಗಳ ಮಳೆಯಲ್ಲಿ ಇಂಥ ಪೆಟ್ಟಿಗೆಯನ್ನು ತೆರೆದು ಮತ್ತೆ ಮುಚ್ಚಿದರೆ ಆ ತೇವವನ್ನೇ ಒಳಗೆ ಕೂಡಿಟ್ಟಂತಾಗುತ್ತದೆ. ಆದರೆ ಒಣ ದಿನಗಳೆಂದರೆ ಕಾಫಿ ಕೊಯ್ಲಿನ ದಿನಗಳು, ಕಣದಲ್ಲಿ ಹಣ್ಣು ಒಣಗುವಾಗ ಏಳುವ ಸಿಪ್ಪೆಯ ಧೂಳು ಉಪಕರಣಗಳ ಕೀಲುಗಳಿಗೆ ತೇವದಷ್ಟೇ ಶತ್ರು. ಹೀಗಾಗಿ ಕಣದ ಕಡೆಗೆ ಕಿಟಕಿಯಿಲ್ಲದ ಒಳಕೋಣೆಯಲ್ಲಿ, ಒದ್ದೆ ಬಟ್ಟೆಯಿಂದ ಮೇಜನ್ನು ಒರೆಸಿ, ಸಂಜೆಯ ನಂತರ ಕುಳಿತು ಕೆಲಸ ಮಾಡಿದೆವು.

ಪೆಟ್ಟಿಗೆಯನ್ನು ಬಿಚ್ಚುವ ಮೊದಲು ಅದರ ಸದ್ಯದ ಸ್ಥಿತಿಯನ್ನು ಅಳೆದು ಬರೆದಿಡಬೇಕಿತ್ತು, ಅದಕ್ಕೊಂದು ಪರೀಕ್ಷಾ ಸಾಧನ ಬೇಕಿತ್ತು. ಎತ್ತರಕ್ಕೆ ಹೋದಂತೆ ಒತ್ತಡ ಇಳಿಯುತ್ತದೆ. ಆದುದರಿಂದ ಪೆಟ್ಟಿಗೆಯೊಳಗಿನ ಗಾಳಿಯನ್ನು ಸ್ವಲ್ಪ ಸ್ವಲ್ಪವೇ ಹೊರಗೆಳೆದರೆ ಮುಳ್ಳುಗಳು ಮೇಲೇರಿದಂತೆ ತೋರಿಸುತ್ತವೆ. ಎಷ್ಟು ಎಳೆದಿದ್ದೇವೆ ಎಂಬುದನ್ನು ಅಳೆಯಲು ನೀರಿಗಿಂತ ನಂಬಿಕೆಯ ಸಾಧನ ಮನೆಯಲ್ಲಿ ಸಿಗಲಾರದು. ಒಂದು ಹೆಕ್ಟೋಪಾಸ್ಕಲ್, ಅಂದರೆ ಒಂದು ಮಿಲಿಬಾರ್, 10.2 ಮಿ.ಮೀ. ನೀರಿನ ಕಂಬಕ್ಕೆ ಸಮ. ಸುಮಾರು 2.4 ಮೀಟರ್ ಉದ್ದದ ಹಲಗೆಯ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯನ್ನು ‘ಯು’ ಆಕಾರದಲ್ಲಿ ಬಿಗಿದು, ಪಕ್ಕದಲ್ಲಿ ಉಕ್ಕಿನ ಟೇಪನ್ನು ಅಂಟಿಸಿ, ಕುದಿಸಿ ಆರಿಸಿದ ನೀರಿಗೆ ಬಣ್ಣ ಬೆರೆಸಿ ತುಂಬಿದೆವು. ಕುದಿಸುವುದಕ್ಕೆ ಕಾರಣವಿದೆ: ಹಸಿ ನೀರಿನಲ್ಲಿ ಕರಗಿರುವ ಗಾಳಿ ಒತ್ತಡ ಇಳಿದಾಗ ಗುಳ್ಳೆಗಳಾಗಿ ಹೊರಬಂದು ಅಳತೆಯನ್ನು ಕೆಡಿಸುತ್ತದೆ. ಹಲಗೆಯನ್ನು ಐನ್‌ಮನೆಯ, ಅಂದರೆ ಕುಟುಂಬದ ಮೂಲಮನೆಯ, ಎತ್ತರದ ಒಳಗೋಡೆಗೆ, ತೂಗುಗುಂಡಿನ ನೂಲು ನೋಡಿ ನೇರವಾಗಿ ನಿಲ್ಲಿಸಿದೆವು. ಗಾಳಿಯನ್ನು ಎಳೆಯಲು ಎರಡು ಏಕಮುಖ ಕವಾಟಗಳಿರುವ 60 ಮಿ.ಲೀ. ಸಿರಿಂಜ್ ಸಾಕಾಯಿತು. ಕೊಳವೆಗೂ ಆಲ್ಟಿಮೀಟರಿಗೂ ನಡುವೆ ಒಂದು ಖಾಲಿ ಗಾಜಿನ ಸೀಸೆಯನ್ನು ಕೂಡಿಸಲೇಬೇಕು. ಎಳೆತ ಹೆಚ್ಚಾದರೆ ಮೇಲೇರುವ ನೀರು ಆ ಸೀಸೆಯಲ್ಲಿ ಬೀಳುತ್ತದೆ. ಸೀಸೆಯಿಲ್ಲದಿದ್ದರೆ ಅದು ನೇರವಾಗಿ ಉಪಕರಣದೊಳಕ್ಕೆ ಹೋಗುತ್ತದೆ. ಬಾಯಿಂದ ಹೀರುವುದಂತೂ ಸಲ್ಲದು. ಉಸಿರಿನ ತೇವವೂ ಹಠಾತ್ ಎಳೆತವೂ ಒಳಗೆ ಒತ್ತಡವನ್ನು ಗ್ರಹಿಸುವ ತೆಳು ಲೋಹದ ಕ್ಯಾಪ್ಸೂಲಿಗೆ ಕೇಡು.

ಮೊದಲ ಅಳತೆಯಲ್ಲಿ ಮೂರು ದೋಷಗಳು ಹೊರಬಿದ್ದವು. ಉದ್ದದ ಮುಳ್ಳು 4,000 ಅಡಿಯ ಹತ್ತಿರ ಅಂಟಿಕೊಂಡು ನಿಂತು, ಬೆರಳಿನಿಂದ ಗಾಜನ್ನು ತಟ್ಟಿದರೆ ಸುಮಾರು 300 ಅಡಿ ನೆಗೆಯುತ್ತಿತ್ತು. ಎಳೆತವನ್ನು ನಿಲ್ಲಿಸಿ ಕೊಳವೆಯನ್ನು ಮುಚ್ಚಿದರೆ ಒಂದು ನಿಮಿಷದಲ್ಲಿ 600 ಅಡಿಗಳಷ್ಟು ಕೆಳಗಿಳಿಯುತ್ತಿತ್ತು. ಎಲ್ಲೋ ಸೋರಿಕೆ ಇತ್ತು. ಗುಂಡಿಯನ್ನು ತಿರುಗಿಸಲು ಬಲವನ್ನೇ ಹಾಕಬೇಕಿತ್ತು. ಇವಲ್ಲದೆ, ಅಳತೆಗೆ ಮುಂಚೆಯೇ ಬೆನ್ನಿನ ನಳಿಕೆಯಿಂದ ಕುಂಬಾರ ಹುಳುವಿನ ಮಣ್ಣಿನ ಗೂಡನ್ನು ಬಿಡಿಸಿ ತೆಗೆಯಬೇಕಾಗಿತ್ತು. ಕೊಡಗಿನಲ್ಲಿ ಬಾಗಿಲಿನ ಬೀಗದ ತೂತನ್ನೂ ಬಿಡದ ಈ ಕಣಜ ನಿಂತ ವಿಮಾನಗಳ ನಳಿಕೆಗಳನ್ನೂ ಇದೇ ರೀತಿ ಮುಚ್ಚಿಬಿಡುತ್ತದೆ. ನಿಂತ ವಿಮಾನಗಳಿಗೆ ತೊಡಿಸುವ, ಕೆಂಪು ಪಟ್ಟಿ ಜೋಲುವ ಮುಚ್ಚಳಗಳು ಇರುವುದು ಇಂಥವುಗಳ ಕಾಟಕ್ಕಾಗಿಯೇ. ಹಾರುವ ಮೊದಲು ಅವುಗಳನ್ನು ತೆಗೆದಿದೆಯೇ ಎಂದು ಪೈಲಟ್ ತಾನೇ ಸುತ್ತಿ ನೋಡುವುದು ತರಬೇತಿಯ ಮೊದಲ ಪಾಠಗಳಲ್ಲೊಂದು.

ಮುಂಭಾಗದ ಉಂಗುರವನ್ನು ಬಿಡಿಸಿ, ಗಾಜನ್ನೂ ಡಯಲನ್ನೂ ತೆಗೆದಾಗ ಕಾಣುವ ಯಂತ್ರ ನಿಜಕ್ಕೂ ಸುಂದರವಾದದ್ದು. ಅಲೆಯಲೆಯಾದ ಎರಡು ತೆಳು ಲೋಹದ ಬಿಲ್ಲೆಗಳನ್ನು ಅಂಚಿನಲ್ಲಿ ಬೆಸೆದು, ಒಳಗಿನ ಗಾಳಿಯನ್ನು ತೆಗೆದು ಮಾಡಿದ ಕ್ಯಾಪ್ಸೂಲ್‌ಗಳು ಒಂದರ ಮೇಲೊಂದು ಕುಳಿತಿರುತ್ತವೆ. ಸುತ್ತಲಿನ ಒತ್ತಡ ಇಳಿದಂತೆ ಅವು ಉಬ್ಬುತ್ತವೆ. ಆ ಉಬ್ಬು ಮಿಲಿಮೀಟರುಗಳ ಲೆಕ್ಕದ್ದು. ಒಂದು ಸಣ್ಣ ಸನ್ನೆ ಅದನ್ನು ಬೀಸಣಿಗೆಯಾಕಾರದ ಹಲ್ಲುಚಕ್ರಕ್ಕೆ ತಲುಪಿಸುತ್ತದೆ, ಅಲ್ಲಿಂದ ಚಕ್ರದಿಂದ ಚಕ್ರಕ್ಕೆ ಹಿಗ್ಗಿ, ಕೊನೆಗೆ ಸಾವಿರ ಅಡಿಗೆ ಉದ್ದದ ಮುಳ್ಳು ಪೂರ್ತಿ ಒಂದು ಸುತ್ತು ಹಾಕುತ್ತದೆ. ಗಾಳಿ ತೆಗೆದ ಲೋಹದ ಪೆಟ್ಟಿಗೆಯಿಂದ ವಾಯುಭಾರವನ್ನು ಅಳೆಯುವ ವಿಧಾನವನ್ನು ಫ್ರಾನ್ಸಿನ ಲೂಸಿಯನ್ ವಿಡೀ 1844ರಲ್ಲೇ ರೂಪಿಸಿದ್ದರು. ಅದನ್ನು ಇಪ್ಪತ್ತು ಅಡಿಗಳಷ್ಟು ಸೂಕ್ಷ್ಮವಾಗಿ ಓದಬಲ್ಲ ವಿಮಾನ ಉಪಕರಣವಾಗಿ ಬೆಳೆಸಿದವರು ಜರ್ಮನಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಪಾಲ್ ಕೋಲ್ಸ್‌ಮನ್. 1929ರ ಸೆಪ್ಟೆಂಬರ್ 24ರಂದು ಅಮೆರಿಕದ ಸೇನಾ ಪೈಲಟ್ ಜಿಮ್ಮಿ ಡೂಲಿಟಲ್ ಹೊರಗೆ ಏನೂ ಕಾಣದಂತೆ ಕಾಕ್‌ಪಿಟ್ಟನ್ನು ಮುಚ್ಚಿಕೊಂಡು, ಉಪಕರಣಗಳನ್ನಷ್ಟೇ ನೋಡಿ ಮೇಲೇರಿ ಮತ್ತೆ ಇಳಿದಾಗ ಅವರ ಮುಂದಿದ್ದದ್ದು ಕೋಲ್ಸ್‌ಮನ್ ಮಾಡಿದ ಆಲ್ಟಿಮೀಟರ್. ಒತ್ತಡ ಹೊಂದಿಸುವ ಕಿಟಕಿಯನ್ನು ಪೈಲಟ್‌ಗಳು ಇಂದಿಗೂ ಕೋಲ್ಸ್‌ಮನ್ ಕಿಟಕಿ ಎಂದೇ ಕರೆಯುತ್ತಾರೆ.

ಮುಳ್ಳು ಅಂಟುತ್ತಿದ್ದುದಕ್ಕೆ ಕಾರಣ ತುಕ್ಕಲ್ಲ, ಎಣ್ಣೆ. ಹಿಂದೆ ಯಾರೋ ಒಳಗೆ ಎಣ್ಣೆ ಬಿಟ್ಟಿದ್ದರು. ಅದು ಧೂಳಿನೊಡನೆ ಬೆರೆತು ಕೀಲುಗಳಲ್ಲಿ ಕಂದು ಮೇಣವಾಗಿತ್ತು. ಇಂಥ ಉಪಕರಣದ ಕೀಲುಗಳು ಗಡಿಯಾರದಂತೆ ಸಣ್ಣ ರತ್ನಗಳಲ್ಲಿ ಕುಳಿತಿರುತ್ತವೆ, ಹೆಚ್ಚಿನವುಗಳಿಗೆ ಎಣ್ಣೆ ಬೇಡವೇ ಬೇಡ. ಈ ಹಂತದಲ್ಲಿ ನೆರವಾದವರು ಮಡಿಕೇರಿಯ ಹಿರಿಯ ಗಡಿಯಾರ ರಿಪೇರಿಗಾರರೊಬ್ಬರು. ಮೃದುವಾದ ಕಡ್ಡಿಯ ತುದಿಯನ್ನು ಚೂಪು ಮಾಡಿ, ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ, ರತ್ನದ ಕುಳಿಗಳನ್ನು ಒಂದೊಂದಾಗಿ ಅವರು ಶುಚಿಮಾಡಿದ ರೀತಿಯನ್ನು ನೋಡುವುದೇ ಒಂದು ಶಿಕ್ಷಣ. ಹಲ್ಲುಚಕ್ರಗಳ ನಡುವಿನ ಸಡಿಲವನ್ನು ಹೀರಿಕೊಳ್ಳುವ ಕೂದಲೆಳೆಯ ಸ್ಪ್ರಿಂಗ್ ಅದೃಷ್ಟವಶಾತ್ ಹಾಳಾಗಿರಲಿಲ್ಲ. ಗಾಜಿನ ಒಳಮೈಯ ಬೂಷ್ಟನ್ನು ಅದೇ ಆಲ್ಕೊಹಾಲಿನಿಂದ ತೆಗೆದೆವು, ಡಯಲಿನ ಬಣ್ಣಕ್ಕೆ ಮಾತ್ರ ಅದನ್ನು ಸೋಕಿಸದೆ ಒಣ ಕುಂಚದಿಂದಷ್ಟೇ ಧೂಳು ಹಾರಿಸಿದೆವು. ಮಾಸಿದ ಅಂಕಿಗಳಿಗೆ ಹೊಸ ಬಣ್ಣ ಹಚ್ಚುವ ಆಸೆ ಕೆಲವರಿಗಿತ್ತು. ಅದು ಬೇಡವೆಂದೇ ನನ್ನ ನಿಲುವು, ಓದಲು ಸಾಧ್ಯವಿರುವ ಹಳೆಯ ಅಂಕಿ ಹೊಸದಾಗಿ ಬರೆದ ಅಂಕಿಗಿಂತ ಸತ್ಯವಾದದ್ದು.

ಸೋರಿಕೆಗೆ ಎರಡು ಮೂಲಗಳಿದ್ದವು. ಗಾಜಿನ ಕೆಳಗಿನ ರಬ್ಬರ್ ಪಟ್ಟಿ ಗಟ್ಟಿಯಾಗಿ ಸೀಳಿತ್ತು, ಗುಂಡಿಯ ದಂಡ ಪೆಟ್ಟಿಗೆಯನ್ನು ಹೊಕ್ಕುವ ಕಡೆಯ ಸೀಲು ಸವೆದಿತ್ತು. ಎರಡಕ್ಕೂ ನೈಟ್ರೈಲ್ ರಬ್ಬರನ್ನು ಅಳತೆಗೆ ಕತ್ತರಿಸಿ ಕೂರಿಸಿದ ಮೇಲೆ ಗುಂಡಿಯೂ ಹಗುರವಾಗಿ ತಿರುಗತೊಡಗಿತು. ಅಂಗಡಿಯಲ್ಲಿ ಸುಲಭವಾಗಿ ಸಿಗುವ, ವಿನೆಗರ್ ವಾಸನೆಯ ಸಿಲಿಕೋನ್ ಅಂಟನ್ನು ಇಲ್ಲಿ ಬಳಸಬಾರದು. ಅದು ಒಣಗುವಾಗ ಬಿಡುವ ಅಸಿಟಿಕ್ ಆಮ್ಲ ಮುಚ್ಚಿದ ಪೆಟ್ಟಿಗೆಯೊಳಗೆ ನಿಂತು ತಾಮ್ರದ ಮಿಶ್ರಲೋಹಗಳನ್ನು ಹಸಿರುಗಟ್ಟಿಸುತ್ತದೆ. ಮುಚ್ಚುವ ಮೊದಲು ಎಲ್ಲ ಭಾಗಗಳನ್ನು ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಟ್ಟು ಚೆನ್ನಾಗಿ ಒಣಗಿಸಿದೆವು.

ಮರುಜೋಡಣೆಯ ನಂತರದ ಅಳತೆಗೆ ಹೊರಗಿನ ಒತ್ತಡದ ನಿಖರ ಮೌಲ್ಯ ಬೇಕು. ಅದಕ್ಕೆ ಬಿಎಂಪಿ280 ಎಂಬ ಸಣ್ಣ ಡಿಜಿಟಲ್ ಸಂವೇದಕವನ್ನು ಬಳಸಿದೆವು. ಅದರ ನೇರ ಅಳತೆಯಲ್ಲಿ ಸುಮಾರು ಒಂದು ಹೆಕ್ಟೋಪಾಸ್ಕಲ್ ಹೆಚ್ಚುಕಮ್ಮಿ ಇರಬಹುದು, ಅಂದರೆ ಮಡಿಕೇರಿಯ ಎತ್ತರದಲ್ಲಿ ಸುಮಾರು 30 ಅಡಿ. ಇದಕ್ಕಿಂತ ಹೆಚ್ಚಿನ ನಿಖರತೆಯನ್ನು ನಮ್ಮ ಅಂಕಿಗಳಿಗೆ ಆರೋಪಿಸುವಂತಿಲ್ಲ. ಆ ದಿನ ಸಂವೇದಕ ತೋರಿಸಿದ್ದು 887 ಹೆಕ್ಟೋಪಾಸ್ಕಲ್. ಮೊದಲು ಹೇಳಿದ ಒಪ್ಪಂದದ ಲೆಕ್ಕದಲ್ಲಿ, ಅಂದರೆ ಅಂತರರಾಷ್ಟ್ರೀಯ ಮಾನಕ ವಾತಾವರಣದ ಲೆಕ್ಕದಲ್ಲಿ, 10,000 ಅಡಿಗೆ 696.8 ಹೆಕ್ಟೋಪಾಸ್ಕಲ್ ಇರಬೇಕು. ಈ ಎರಡರ ನಡುವಿನ ಅಂತರ ಸುಮಾರು 1.94 ಮೀಟರ್ ನೀರು. ಕಿಟಕಿಯಲ್ಲಿ ಅದೇ ಲೆಕ್ಕದ ಸಮುದ್ರಮಟ್ಟದ ಒತ್ತಡವಾದ 1013 ಇಟ್ಟು, ನಿಮಿಷಕ್ಕೆ ಎರಡು ಮೂರು ಸಾವಿರ ಅಡಿಗಿಂತ ವೇಗವಾಗದಂತೆ ಎಳೆಯುತ್ತ ಹೋದಾಗ, 4,000 ಅಡಿಯಲ್ಲಿ ಮುಳ್ಳು 20 ಅಡಿ, 6,000ದಲ್ಲಿ 30 ಅಡಿ, 8,000ದಲ್ಲಿ 45 ಅಡಿ ಹೆಚ್ಚು ತೋರಿಸಿತು. 10,000ದಲ್ಲಿ ಈ ತಪ್ಪು 110 ಅಡಿಗೇರಿತು. ಅಮೆರಿಕದ ನಾಗರಿಕ ವಿಮಾನಯಾನ ನಿಯಮಗಳು ಹಾರುವ ಆಲ್ಟಿಮೀಟರಿಗೆ ಈ ನಾಲ್ಕು ಎತ್ತರಗಳಲ್ಲಿ ಕ್ರಮವಾಗಿ 35, 40, 60 ಮತ್ತು 80 ಅಡಿಗಳ ಮಿತಿಯನ್ನು ವಿಧಿಸುತ್ತವೆ. ನಮ್ಮದು ಮೊದಲ ಮೂರರಲ್ಲಿ ಮಿತಿಯೊಳಗಿದೆ, ಕೊನೆಯದರಲ್ಲಿ ಮೀರಿದೆ. ಸೋರಿಕೆ 10,000 ಅಡಿಯಲ್ಲಿ ನಿಮಿಷಕ್ಕೆ ಸುಮಾರು 40 ಅಡಿಗೆ ಇಳಿದಿದೆ. ಕೆಳಗಿಳಿಯುವಾಗ ಅದೇ ಒತ್ತಡದಲ್ಲಿ ಏರುವಾಗಿನದಕ್ಕಿಂತ ಸ್ವಲ್ಪ ಬೇರೆ ಅಂಕಿ ಕಾಣುತ್ತದೆ. ಇದು ಕ್ಯಾಪ್ಸೂಲಿನ ಲೋಹ ಹಿಗ್ಗಿದ್ದನ್ನು ಒಡನೆಯೇ ಪೂರ್ತಿ ಬಿಟ್ಟುಕೊಡದ ಗುಣ, ಎಲ್ಲ ಆಲ್ಟಿಮೀಟರುಗಳಿಗೂ ಇದಕ್ಕೊಂದು ಮಿತಿಯನ್ನು ಗೊತ್ತುಮಾಡಿರುತ್ತಾರೆ.

ಅಂಟುವಿಕೆ ಬಹುಪಾಲು ಹೋದರೂ ಪೂರ್ತಿ ಹೋಗಿಲ್ಲ, ಪೂರ್ತಿ ಹೋಗಬೇಕಾಗಿಯೂ ಇಲ್ಲ. ಪಿಸ್ಟನ್ ಎಂಜಿನ್‌ನ ವಿಮಾನದಲ್ಲಿ ಫಲಕವೇ ಸದಾ ನಡುಗುತ್ತಿರುವುದರಿಂದ ಮುಳ್ಳು ತಾನಾಗಿ ಬಿಡುಗಡೆಯಾಗುತ್ತದೆ. ಜೆಟ್ ವಿಮಾನಗಳು ಬಂದು ಆ ನಡುಕ ಇಲ್ಲವಾದಾಗ ಆಲ್ಟಿಮೀಟರನ್ನು ನಡುಗಿಸಲೆಂದೇ ಸಣ್ಣ ಕಂಪಕವನ್ನು ಕೂಡಿಸಬೇಕಾಯಿತು. ಇದನ್ನು ಜೀಪಿನಲ್ಲಿಟ್ಟು ಸುಂಟಿಕೊಪ್ಪದ ಮೂಲಕ ಕುಶಾಲನಗರಕ್ಕೆ ಇಳಿದಾಗ ಮುಳ್ಳು ಒಂದೇ ಒಂದು ಕಡೆಯೂ ಅಂಟದೆ, ಸಾವಿರ ಅಡಿಯಷ್ಟನ್ನು ಸರಾಗವಾಗಿ ಇಳಿದುಬಂತು.

ಇನ್ನು ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ ಭಾಗ. ಮಂಗಳೂರು ವಿಮಾನ ನಿಲ್ದಾಣದ ಹವಾಮಾನ ವರದಿಯಲ್ಲಿ ಸಮುದ್ರಮಟ್ಟಕ್ಕೆ ಇಳಿಸಿದ ಒತ್ತಡವನ್ನು, ಪೈಲಟ್‌ಗಳ ಮಾತಿನ ಕ್ಯೂಎನ್‌ಎಚ್ ಅನ್ನು, ಯಾರು ಬೇಕಾದರೂ ನೋಡಬಹುದು. ಅದನ್ನು ಕಿಟಕಿಯಲ್ಲಿಟ್ಟರೆ ಆಲ್ಟಿಮೀಟರ್ ನಮ್ಮ ಮನೆಯ ಎತ್ತರವನ್ನು ತೋರಿಸಬೇಕು. ಸರ್ವೆ ಆಫ್ ಇಂಡಿಯಾದ ನಕ್ಷೆಯ ಸಮೋನ್ನತಿ ರೇಖೆಗಳ ಪ್ರಕಾರ ನಾವಿರುವುದು ಸುಮಾರು 1,150 ಮೀಟರ್, ಅಂದರೆ 3,770 ಅಡಿ. (ಬಯಲುಸೀಮೆಯಲ್ಲಾದರೆ ರೈಲು ನಿಲ್ದಾಣದ ಹಳದಿ ಫಲಕದಲ್ಲೇ ಎತ್ತರ ಬರೆದಿರುತ್ತದೆ, ಕೊಡಗಿಗೆ ರೈಲು ಇಲ್ಲದ್ದರಿಂದ ನಕ್ಷೆಯೇ ಗತಿ.) ಆಲ್ಟಿಮೀಟರ್ ತೋರಿಸಿದ್ದು ಅದಕ್ಕಿಂತ ಸುಮಾರು 150 ಅಡಿ ಕಡಿಮೆ. ಮಕ್ಕಳು ಉಪಕರಣ ಇನ್ನೂ ಸರಿಯಾಗಿಲ್ಲ ಎಂದರು. ಉಪಕರಣವನ್ನು ದೂರುವ ಮುನ್ನ ಗಾಳಿಯನ್ನು ವಿಚಾರಿಸಬೇಕು. ಮಾನಕ ವಾತಾವರಣ ಸಮುದ್ರಮಟ್ಟದಲ್ಲಿ 15 ಡಿಗ್ರಿ ಸೆಲ್ಸಿಯಸ್, ನಮ್ಮ ಎತ್ತರದಲ್ಲಿ ಸುಮಾರು 7.5 ಡಿಗ್ರಿ ಇರುತ್ತದೆ ಎಂದು ಎಣಿಸಿ ಡಯಲನ್ನು ಗೀಚಲಾಗಿದೆ. ಆ ದಿನ ಕರಾವಳಿಯಲ್ಲಿ 27, ಮಡಿಕೇರಿಯಲ್ಲಿ 20 ಡಿಗ್ರಿ ಇತ್ತು. ಬಿಸಿ ಗಾಳಿ ಹಿಗ್ಗಿರುವುದರಿಂದ ಅದೇ ಒತ್ತಡದ ಇಳಿತಕ್ಕೆ ಹೆಚ್ಚು ಎತ್ತರ ಏರಬೇಕಾಗುತ್ತದೆ. ಹತ್ತು ಡಿಗ್ರಿಯ ವ್ಯತ್ಯಾಸಕ್ಕೆ ಸುಮಾರು ಶೇ. 3.5ರಿಂದ 4ರಷ್ಟು. ಹನ್ನೆರಡು ಡಿಗ್ರಿಗೆ ಲೆಕ್ಕ ಹಾಕಿದರೆ ಆ 150 ಅಡಿ ಬಹುತೇಕ ಸರಿಹೋಗುತ್ತದೆ.

ನಮ್ಮಲ್ಲಿ ಈ ತಪ್ಪು ಸುರಕ್ಷತೆಯ ಕಡೆಗಿದೆ, ಏಕೆಂದರೆ ಪೈಲಟ್ ತಾನು ಅಂದುಕೊಂಡದ್ದಕ್ಕಿಂತ ಮೇಲಿರುತ್ತಾನೆ. ಹಿಮಾಲಯದ ಚಳಿಗಾಲದಲ್ಲಿ ಅದು ತಿರುಗುಮುರುಗಾಗಿ, ಮುಳ್ಳು ತೋರಿಸುವುದಕ್ಕಿಂತ ವಿಮಾನ ಕೆಳಗಿರುತ್ತದೆ ಮತ್ತು ಬೆಟ್ಟ ಹತ್ತಿರವಿರುತ್ತದೆ. ಈ ಮಾತನ್ನು ಹೇಳುವಾಗ ಮಡಿಕೇರಿಯ ಮಕ್ಕಳಿಗೆ ಲೇಹ್ ದೂರದ ಹೆಸರಲ್ಲ. 1948ರ ಮೇ 24ರಂದು ಏರ್ ಕಮೋಡೋರ್ ಮೆಹರ್ ಸಿಂಗ್ ಲೇಹ್‌ನ ಹೊಸ ಮಣ್ಣಿನ ಪಟ್ಟಿಯ ಮೇಲೆ ಮೊದಲ ಡಕೋಟಾ ವಿಮಾನವನ್ನು ಇಳಿಸಿದಾಗ ಅವರೊಡನೆ ಕುಳಿತಿದ್ದವರು ಇದೇ ಊರಿನ ಮೇಜರ್ ಜನರಲ್ ತಿಮ್ಮಯ್ಯನವರು. ಇಂದಿನ ಲೇಹ್ ವಿಮಾನ ನಿಲ್ದಾಣದ ಎತ್ತರ 10,682 ಅಡಿ. ನಮ್ಮ ಹಲಗೆಯಲ್ಲಿ ಅದು 2.13 ಮೀಟರ್ ನೀರು. ಎಳೆತವನ್ನು ಅಲ್ಲಿಗೆ ತಂದು ನಿಲ್ಲಿಸಿ, ಕೊಡಗಿನ ಅತಿ ಎತ್ತರದ ತಡಿಯಂಡಮೋಳ್ 1,748 ಮೀಟರ್, ಅಂದರೆ 5,735 ಅಡಿ ಎಂದು ಡಯಲಿನ ಮೇಲೆ ಬೆರಳಿಟ್ಟು ತೋರಿಸಿದರೆ, ಒತ್ತಡ ನಿಯಂತ್ರಿಸಿದ ಕ್ಯಾಬಿನ್ ಇಲ್ಲದ ಆ ವಿಮಾನದಲ್ಲಿ ಕುಳಿತವರು ಎಂಥ ಗಾಳಿಯನ್ನು ಉಸಿರಾಡಿದ್ದರೆಂಬುದು ವಿವರಣೆಯಿಲ್ಲದೆ ತಿಳಿಯುತ್ತದೆ.

ಕಿಟಕಿಯ ವ್ಯಾಪ್ತಿಯಿಂದ ಇನ್ನೊಂದು ಪಾಠ ಸಿಗುತ್ತದೆ. ಇಳಿಯುವ ನೆಲದ ಮೇಲಿನ ಒತ್ತಡವನ್ನೇ ಇಟ್ಟರೆ, ಅಂದರೆ ಕ್ಯೂಎಫ್‌ಇ ಇಟ್ಟರೆ, ನೆಲದ ಮೇಲೆ ಮುಳ್ಳು ಸೊನ್ನೆ ತೋರಿಸುತ್ತದೆ. ಆದರೆ ಇದರ ಕಿಟಕಿ 950ಕ್ಕೇ ನಿಲ್ಲುವುದರಿಂದ ಮಡಿಕೇರಿಯಲ್ಲಾಗಲಿ, ಸುಮಾರು 2,900 ಅಡಿಯ ಬೆಂಗಳೂರು ಎಚ್‌ಎಎಲ್ ನಿಲ್ದಾಣದಲ್ಲಾಗಲಿ ಈ ಆಲ್ಟಿಮೀಟರನ್ನು ಸೊನ್ನೆಗೆ ತರಲು ಬರುವುದಿಲ್ಲ.

ಮೂರು ಮುಳ್ಳುಗಳನ್ನು ಒಟ್ಟಿಗೆ ಓದುವುದು ಹೇಗೆಂದು ಮಕ್ಕಳಿಗೆ ಕಲಿಸುವಾಗ, ಈ ವಿನ್ಯಾಸವೇ ಏಕೆ ಕೈಬಿಟ್ಟುಹೋಯಿತೆಂಬುದೂ ಗೊತ್ತಾಗುತ್ತದೆ. ನೂರು, ಸಾವಿರ, ಹತ್ತು ಸಾವಿರ ಅಡಿಗಳ ಮುಳ್ಳುಗಳಲ್ಲಿ ಕೊನೆಯದು ಬಹಳ ಚಿಕ್ಕದು. ಅವಸರದ ಕಣ್ಣಿಗೆ ಅದು ತಪ್ಪಿದರೆ ಹತ್ತು ಸಾವಿರ ಅಡಿಯ ತಪ್ಪು. 1947ರಲ್ಲಿ ಅಮೆರಿಕದ ಪಾಲ್ ಫಿಟ್ಸ್ ಮತ್ತು ರಿಚರ್ಡ್ ಜೋನ್ಸ್ ಉಪಕರಣಗಳನ್ನು ತಪ್ಪಾಗಿ ಓದಿದ 270 ಅನುಭವಗಳನ್ನು ಪೈಲಟ್‌ಗಳಿಂದ ಕಲೆಹಾಕಿ ಪರಿಶೀಲಿಸಿದಾಗ, ಹಲವು ಮುಳ್ಳುಗಳ ಆಲ್ಟಿಮೀಟರ್ ಅವುಗಳಲ್ಲಿ ಪ್ರಮುಖ ಸ್ಥಾನ ಪಡೆದಿತ್ತು. ಅಂಥ ತಪ್ಪನ್ನು ಪೈಲಟ್‌ನ ಅಜಾಗರೂಕತೆ ಎಂದು ತಳ್ಳಿಹಾಕದೆ ಡಯಲಿನ ವಿನ್ಯಾಸದಲ್ಲಿ ಹುಡುಕಿದ್ದು ಅವರ ದೊಡ್ಡ ಕೊಡುಗೆ. ನಮ್ಮ ಹಲಗೆಯ ಮುಂದೆ ನಿಂತ ಬುದ್ಧಿವಂತ ಮಕ್ಕಳೂ ಮೊದಲ ನೋಟದಲ್ಲಿ 10,600 ಅಡಿಯನ್ನು 600 ಎಂದು ಓದುವುದನ್ನು ಕಂಡಿದ್ದೇನೆ.

ಕೊಳವೆಗೆ ಒಂದು ಚಿಮಟವನ್ನೂ ಸೇರಿಸಿದ್ದೇವೆ. ಎಳೆಯುತ್ತಿರುವಾಗ ಅದನ್ನು ಅದುಮಿದರೆ ನೀರಿನ ಕಂಬ ಬದಲಾಗುತ್ತಿದ್ದರೂ ಮುಳ್ಳು ನಿಂತಲ್ಲೇ ನಿಲ್ಲುತ್ತದೆ. ಕುಂಬಾರ ಹುಳು ಅಥವಾ ಮಂಜುಗಡ್ಡೆ ನಳಿಕೆಯನ್ನು ಮುಚ್ಚಿದಾಗ ಕಾಕ್‌ಪಿಟ್‌ನಲ್ಲಿ ಕಾಣುವುದು ಇದೇ. ಅಂಥ ಹೊತ್ತಿಗೆಂದು ಅನೇಕ ವಿಮಾನಗಳಲ್ಲಿ ಕ್ಯಾಬಿನ್‌ನ ಗಾಳಿಯನ್ನು ಬಳಸುವ ಬದಲಿ ನಳಿಕೆ ಇರುತ್ತದೆ. ಸಣ್ಣ ವಿಮಾನಗಳ ಕ್ಯಾಬಿನ್‌ನಲ್ಲಿ ಒತ್ತಡ ಹೊರಗಿಗಿಂತ ಸಾಮಾನ್ಯವಾಗಿ ಸ್ವಲ್ಪ ಕಡಿಮೆ ಇರುವುದರಿಂದ ಆಲ್ಟಿಮೀಟರ್ ಆಗ ಇದ್ದದ್ದಕ್ಕಿಂತ ಸ್ವಲ್ಪ ಹೆಚ್ಚೇ ತೋರಿಸುತ್ತದೆ.

10,000 ಅಡಿಯ 110 ಅಡಿ ತಪ್ಪನ್ನು ತಿದ್ದಲು ಸನ್ನೆಯ ಉದ್ದವನ್ನು ಸರಿಸಬೇಕು. ಪ್ರಮಾಣೀಕೃತ ಒತ್ತಡ ಪೆಟ್ಟಿಗೆಯಿಲ್ಲದೆ ಅದಕ್ಕೆ ಕೈಹಾಕುವುದು ಸರಿಯಲ್ಲ ಎಂದು ನೆರೆಯವರು ಹೇಳಿದರು, ನನ್ನ ಅಭಿಪ್ರಾಯವೂ ಅದೇ. ತಪ್ಪುಗಳನ್ನೆಲ್ಲ ಬರೆದ ತಿದ್ದುಪಡಿಯ ಚೀಟಿಯನ್ನು ಡಯಲಿನ ಪಕ್ಕದಲ್ಲಿ ಅಂಟಿಸಿದ್ದೇವೆ. ಅದರ ಕೆಳಗೆ ಕೆಂಪಕ್ಷರದಲ್ಲಿ ‘ಕಲಿಕೆಗೆ ಮಾತ್ರ, ಯಾವ ವಿಮಾನಕ್ಕೂ ಅಳವಡಿಸಬಾರದು’ ಎಂದಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದು ಸಿಲಿಕಾ ಜೆಲ್ ಡಬ್ಬಿಯಲ್ಲಿ, ನಳಿಕೆಗೆ ಮುಚ್ಚಳ ಹಾಕಿಕೊಂಡು ಇರುತ್ತದೆ. ಜೆಲ್‌ನ ಬಣ್ಣ ಬದಲಾದಾಗ ಅದನ್ನು ಒಲೆಯ ಬಳಿ ಒಣಗಿಸಿ ಮತ್ತೆ ಇಡಬೇಕು. ಮಳೆ ನಿಂತ ಮೇಲೆ ಸೋರಿಕೆಯನ್ನೂ ನಾಲ್ಕು ಎತ್ತರಗಳ ತಪ್ಪನ್ನೂ ಮತ್ತೆ ಅಳೆದು ಚೀಟಿಯನ್ನು ಹೊಸದಾಗಿ ಬರೆಯುವುದು ಬಾಕಿಯಿದೆ.